ಭಾನುವಾರಕ್ಕೆ ಭಾರೀ ಮಳೆ

ಮದುವೆಯಾದಂದಿನಿಂದ ಹೆಂಡತಿಯ ಒಂದು ಮಾತನ್ನೂ ನಂಬದ ಗಂಡ ಮೊದಲ ಬಾರಿಗೆ ನಂಬಿದ್ದು ಆ ಶುಕ್ರವಾರ. ಅವಳು ಹವಾಮಾನ ಕಚೇರಿಯಲ್ಲಿ ಮುನ್ಸೂಚನಾ ಅಧಿಕಾರಿ. ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಊರಿಗೆಲ್ಲ ಹೇಳುವುದೇ ಅವಳ ಉದ್ಯೋಗ. ಅವಳು ‘ಒಣ ಹವೆ’ ಎಂದ ದಿನ ಅವನು ಬೇಕೆಂದೇ ಛತ್ರಿ ಹಿಡಿದು ಹೊರಡುತ್ತಿದ್ದ, ಅದೂ ಬೀದಿಯವರಿಗೆಲ್ಲ ಕಾಣುವ ಹಾಗೆ. ಹಿಂದಿನ ವಾರ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆದು, “ಊರೆಲ್ಲ ನನ್ನ ಮಾತು ಕೇಳುತ್ತೆ, ನಿಮಗೊಬ್ರಿಗೇ ಆಗಲ್ಲ ಅಲ್ವಾ?” ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅವನಿಗೆ ಪಶ್ಚಾತ್ತಾಪವಾಯಿತು. ಪಶ್ಚಾತ್ತಾಪವಾದ ಗಂಡಸರು ಸಾಮಾನ್ಯವಾಗಿ ರಿಪೇರಿ ಕೆಲಸಕ್ಕೆ ಕೈ ಹಾಕುತ್ತಾರೆ. ಶುಕ್ರವಾರ ಸಂಜೆ ಟೀವಿಯಲ್ಲಿ ‘ಶನಿವಾರ, ಭಾನುವಾರ ಒಣ ಹವೆ’ ಎಂದು ಬಂದದ್ದೇ ತಡ, ಏಣಿ ಹತ್ತಿ ಅಡುಗೆಮನೆಯ ಮೇಲಿನ ಹಳೇ ಶೀಟುಗಳನ್ನೆಲ್ಲ ಕಳಚಿ ಗೋಡೆಗೆ ಒರಗಿಸಿಟ್ಟ. ಹೊಸವು ಸೋಮವಾರ ಬರುತ್ತವಂತೆ.

ಅತ್ತೆಯೂ ಹಿಂದೆ ಬೀಳಲಿಲ್ಲ. ಮನೆಯಲ್ಲಿದ್ದ ರಗ್ಗು, ಪರದೆ, ದಿಂಬಿನ ಕವರುಗಳನ್ನೆಲ್ಲ ಬಕೆಟ್ಟುಗಳಲ್ಲಿ ನೆನೆಹಾಕಿ, “ಸೊಸೆ ಹೇಳಿದ್ಮೇಲೆ ಇನ್ನೇನು ಯೋಚನೆ” ಎಂದು ನೆಮ್ಮದಿಯಾಗಿ ಮಲಗಿದರು.

ಶನಿವಾರ ಬೆಳಗ್ಗೆ ಧೋ ಎಂದು ಮಳೆ ಸುರಿಯಿತು. ಆಕಾಶಕ್ಕೆ ಟೀವಿ ನೋಡುವ ಅಭ್ಯಾಸವಿಲ್ಲ. ಒಲೆಯ ಮೇಲಿದ್ದ ಹಾಲಿಗೆ ಮೇಲಿನಿಂದಲೇ ನೀರು ಬೆರೆಯತೊಡಗಿತ್ತು. ಗಂಡ ಛತ್ರಿ ತಂದು ಒಲೆಗೆ ಹಿಡಿದ, ಹೆಂಡತಿಗಲ್ಲ. ಅವಳು ನೆನೆಯುತ್ತಲೇ ಹಾಲು ಇಳಿಸಿದಳು.

“ನಾನೇನೂ ಅನ್ನಲ್ಲಪ್ಪ” ಎಂದ ಗಂಡ.

“ಏನಾದ್ರೂ ಅಂದ್ಬಿಡಿ, ವಾಸಿ” ಎಂದಳು ಅವಳು.

“ಊರೆಲ್ಲ ಕೇಳುತ್ತೆ ಅಂದಿದ್ಯಲ್ಲ. ಊರೂ ನೆನೀತಿರಬೇಕು.”

ಅತ್ತೆ ಮಾತ್ರ ಬಾಯಿ ಬಿಡಲಿಲ್ಲ. ಒದ್ದೆ ರಗ್ಗುಗಳನ್ನು ಒಂದೊಂದಾಗಿ ತಂದು ಊಟದ ಮೇಜಿನ ಮೇಲೆ, ಕುರ್ಚಿಗಳ ಮೇಲೆ, ಕೊನೆಗೆ ಟೀವಿಯ ಮೇಲೂ ಹರಡಿದರು. ಬೈಯುವುದಕ್ಕಿಂತ ಅದು ಹೆಚ್ಚು ಚುಚ್ಚುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವಳನ್ನು ಯಾವ ರೀತಿಯಲ್ಲೂ ಚುಚ್ಚದಿದ್ದವಳು ಮಗಳೊಬ್ಬಳೇ. ಅವಳು ಓಡುವ ಬೂಟು ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಳು. ಭಾನುವಾರ ಮಧ್ಯಾಹ್ನ ಶಾಲೆಯ ಕ್ರೀಡಾಕೂಟ, ಅದರಲ್ಲಿ ಅವಳದು ಉದ್ದ ಜಿಗಿತ. ವರ್ಷವಿಡೀ ಹಜಾರದಲ್ಲಿ ಹಾಸಿಗೆ ಹಾಕಿಕೊಂಡು ಜಿಗಿದು ಜಿಗಿದು ಕೆಳಮನೆಯವರ ಶಾಪಕ್ಕೆ ಗುರಿಯಾಗಿದ್ದಳು. ಮುಂದಿನ ವರ್ಷ ದೊಡ್ಡ ಹುಡುಗಿಯರ ಗುಂಪಿಗೆ ಹೋಗಬೇಕು. ಅಲ್ಲಿ ಇವಳ ಎದೆಮಟ್ಟಕ್ಕೆ ಬರುವಷ್ಟು ಉದ್ದ ಕಾಲಿನವರು ಇದ್ದಾರೆ. ಗೆದ್ದರೆ ಈ ವರ್ಷವೇ ಗೆಲ್ಲಬೇಕು. ಹವಾಮಾನ ಕಚೇರಿ ಎಚ್ಚರಿಕೆ ಕೊಟ್ಟರೆ ಮಾತ್ರ ಕೂಟ ರದ್ದು, ಮತ್ತೆ ನಡೆಸುವುದಿಲ್ಲ ಎಂದು ಶಾಲೆಯವರು ಮೊದಲೇ ತಿಳಿಸಿದ್ದರು.

ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥರ ಫೋನು ಬಂತು.

“ಮೇಡಂ, ಮಳೆ ಬರ್ತಿದೆ.”

“ಗೊತ್ತು ಸರ್. ನಮ್ಮ ಅಡುಗೆಮನೇಲೂ ಬರ್ತಿದೆ.”

“ತಮಾಷೆ ಬೇಡ. ಬಂದು ಯಾಕೆ ತಪ್ಪಾಯ್ತು ಅಂತ ವಿವರಣೆ ಬರೆದು ಕೊಡಿ. ನಾಳೆಯ ಮುನ್ಸೂಚನೆಗೂ ನೀವೇ ಸಹಿ ಹಾಕಿ.”

ರಜೆಯ ದಿನ ಕಚೇರಿಗೆ ಹೋಗಲು ಬಸ್ಸಿಗೆ ಕಾದು, ನಿಂತ ನೀರನ್ನೆಲ್ಲ ಲಾರಿಯೊಂದರಿಂದ ಮೈಮೇಲೆ ಎರಚಿಸಿಕೊಂಡು, ಅವಳು ತೊಪ್ಪೆಯಾಗಿ ಒಳಗೆ ಕಾಲಿಟ್ಟಾಗ ಬಾಗಿಲ ಕಾವಲುಗಾರ ಎದ್ದು ನಿಂತು, “ಏನ್ ಮೇಡಂ, ಹೊರಗೆ ಮಳೆನಾ?” ಎಂದ. ಪಾಪ, ಅವನು ನಿಜಕ್ಕೂ ಕಾಳಜಿಯಿಂದಲೇ ಕೇಳಿದ್ದ. ಆದರೂ ಅವಳಿಗೆ ಅವನ ಸಂಬಳ ತಡೆಹಿಡಿಯಬೇಕೆನ್ನಿಸಿತು.

ಕಚೇರಿಯ ಸೂರು ಮಾತ್ರ ಒಂದು ಹನಿಯೂ ಸೋರುತ್ತಿರಲಿಲ್ಲ. ಅವಳು ಗೋಡೆಯಗಲದ ಪರದೆಯ ಮುಂದೆ ಕೂತು ಮೋಡಗಳ ಚಿತ್ರ ತೆರೆದಳು. ತಪ್ಪಿದ್ದು ಎಲ್ಲಿ ಎಂದು ಬೇಗನೆ ಗೊತ್ತಾಯಿತು. ಮೋಡದ ಒಂದು ಪಟ್ಟಿ ತಾನು ಸಮುದ್ರದ ಮೇಲೇ ಕರಗಿಹೋಗುವೆನೆಂದು ಎಲ್ಲರನ್ನೂ ನಂಬಿಸಿ, ಕೊನೆಯ ಗಳಿಗೆಯಲ್ಲಿ ನೆಲಕ್ಕೆ ತಿರುಗಿತ್ತು. ವಿವರಣೆ ಬರೆಯಲು ಕೂತರೆ ಫೋನು.

“ರೀ, ಇನ್ನೊಂದು ಬಕೆಟ್ ಎಲ್ಲಿದೆ?” ಗಂಡನ ದನಿ. ಸಿಟ್ಟು ಬಂದಾಗ ಅವನು ಹೆಂಡತಿಯನ್ನೇ ‘ರೀ’ ಎನ್ನುತ್ತಿದ್ದ.

“ಅದ್ರಲ್ಲಿ ದಿಂಬಿನ ಕವರಿದೆ.”

“ಅದನ್ನೆಲ್ಲಿ ಹಾಕ್ಲಿ?”

“ನನ್ನ ತಲೆ ಮೇಲೆ ಹಾಕಿ” ಎಂದು ಇಟ್ಟಳು.

‘ವಾಯುಭಾರದ ಅನಿರೀಕ್ಷಿತ ಬದಲಾವಣೆಯಿಂದಾಗಿ’ ಎಂದು ಒಂದು ಸಾಲು ಬರೆಯುವಷ್ಟರಲ್ಲಿ ಅತ್ತೆ. “ಏನಿಲ್ಲಮ್ಮ, ನೀನು ಕೆಲಸದಲ್ಲಿರ್ತೀಯ. ಎಲ್ರಿಗೂ ಹೊದ್ಕೊಳ್ಳೋಕೆ ಏನೂ ಇಲ್ಲ ಅಂತ ಹೇಳೋಣ ಅಂತ ಅಷ್ಟೆ. ನಾನು ಹಾಗೇ ಮಲಗ್ತೀನಿ ಬಿಡು, ನನಗೇನು.” ಅವರಿಗೂ ಸಮಾಧಾನ ಹೇಳಿದಳು. ಒಂದು ಕಿವಿಯಲ್ಲಿ ಒದ್ದೆ ರಗ್ಗು, ಇನ್ನೊಂದು ಕಿವಿಯಲ್ಲಿ ವಾಯುಭಾರ ಇಟ್ಟುಕೊಂಡು ವಿವರಣೆ ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಮೂರನೆಯ ಸಲ ಫೋನು ಮಾಡಿದವಳು ಮಗಳು.

“ಅಮ್ಮಾ, ನಾಳೆ ಮಳೆ ಬರುತ್ತಾ?”

ಅವಳು ಪರದೆ ನೋಡಿದಳು. ಮೋಡದ ಪಟ್ಟಿ ಪೂರ್ವಕ್ಕೆ ಸರಿಯುತ್ತಿತ್ತು. ಅದರ ಹಿಂದೆ ಒಂದು ಚೂರೂ ಮೋಡವಿರಲಿಲ್ಲ. ಈ ಸಲ ಎರಡೆರಡು ಬಾರಿ, ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದ್ದಳು.

“ಇಲ್ಲ ಪುಟ್ಟಾ. ಬೆಳಗ್ಗೆ ಒಂಚೂರು ತುಂತುರು, ಆಮೇಲೆ ಒಳ್ಳೆ ಬಿಸಿಲು.”

“ಪಕ್ಕಾ?”

“ಪಕ್ಕಾ.”

ಅವಳ ವೃತ್ತಿಯಲ್ಲಿ ಯಾರೂ ಬಳಸದ ಪದ ಅದು. ಬಾಯಿಂದ ಬಂದಾಗ ಅವಳಿಗೇ ಸಂತೋಷವಾಯಿತು.

ಮುಖ್ಯಸ್ಥರು ಚಹಾ ಲೋಟದೊಂದಿಗೆ ಬಂದು ಪರದೆಯ ಮುಂದೆ ನಿಂತರು. ಆ ಕಚೇರಿಯಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿಯಿತ್ತು. ಒಂದು ದಿನ ಮಳೆ ಮುನ್ಸೂಚನೆಯ ಕಣ್ಣು ತಪ್ಪಿಸಿ ಬಂದರೆ ಮರುದಿನ, ಆಕಾಶ ಹೇಗೇ ಇರಲಿ, ‘ಭಾರೀ ಮಳೆ’ ಎಂದು ಎಚ್ಚರಿಕೆ ಕೊಡುವುದು. ಮುಖ್ಯಸ್ಥರು ಆ ಕುರ್ಚಿಯವರೆಗೆ ಏರಿದ್ದೇ ಈ ಮೆಟ್ಟಿಲುಗಳಿಂದ.

“ನಾಳೆಗೆ ಏನು?” ಎಂದರು.

“ಬಿಸಿಲು ಸರ್.”

“ಹೌದಾ?” ಚಹಾ ಗುಟುಕರಿಸಿದರು. “ಹೇಳಿದ ಮಳೆ ಬರದೇ ಇದ್ರೆ ಯಾರಾದ್ರೂ ದೂರು ಕೊಟ್ಟದ್ದು ನೋಡಿದೀರಾ? ಇಲ್ಲ. ಹೇಳದೇ ಬಂದ್ರೆ ಮಾತ್ರ ನನಗೆ ಮೇಲಿನಿಂದ ಫೋನು. ಇವತ್ತು ಬೆಳಗ್ಗಿನಿಂದ ನನ್ನ ಕಿವಿ ಬಿಸಿಯಾಗಿದೆ.”

“ಆದ್ರೆ ಸರ್, ಚಿತ್ರ ನೋಡಿ...”

“ನಿನ್ನೆನೂ ಚಿತ್ರ ನೋಡೇ ಹೇಳಿದ್ರಿ.” ಅವರು ಹೊರಟವರು ಬಾಗಿಲಲ್ಲಿ ನಿಂತರು. “ಅಂದ ಹಾಗೆ ನಾಳೆ ಪಾಳಿಗೆ ರಜೆ ಕೇಳಿದ್ರಲ್ಲ, ಮಗಳದೇನೋ ಓಟವೋ ಜಿಗಿತವೋ ಇದೆ ಅಂತ. ಬಿಸಿಲಿದ್ರೆ ನಿಮಗೆ ಅನುಕೂಲ, ಅಲ್ವಾ? ನಿಮ್ಮ ವಿವೇಚನೆ. ಸಹಿ ನಿಮ್ಮದೇ.”

ಅವರು ಹೋದ ಮೇಲೆ ಅವಳು ಆ ಚಿತ್ರವನ್ನೇ ನೋಡುತ್ತ ಕೂತಳು. ಮೊದಲು ಸಿಟ್ಟು ಬಂತು. ಆಮೇಲೆ ಅನುಮಾನ ಬಂತು. ತನಗೆ ಕಾಣುತ್ತಿರುವುದು ಬಿಸಿಲೋ, ಮಗಳ ಮೇಲಿನ ಪ್ರೀತಿಯೋ? ಮತ್ತೊಮ್ಮೆ ಲೆಕ್ಕ ಹಾಕಿದಳು. ಬಿಸಿಲೇ. ಹಾಗಾದರೆ ಬಿಸಿಲು ಎಂದೇ ಬರೆಯಬೇಕು. ಆದರೆ ಅಕಸ್ಮಾತ್ ಒಂದು ಹನಿ ಬಿದ್ದರೂ ಏನನ್ನುತ್ತಾರೆ? ಮಗಳಿಗೋಸ್ಕರ ಊರನ್ನೇ ನೆನೆಸಿದಳು ಎನ್ನುತ್ತಾರೆ. ಎರಡು ದಿನದಲ್ಲಿ ಎರಡು ತಪ್ಪು. ಅವಳ ಬಡ್ತಿಯ ಕಡತ ಮುಖ್ಯಸ್ಥರ ಮೇಜಿನ ಮೇಲೇ ಇತ್ತು.

ಹೆದರಿಕೆಗೆ ಒಳ್ಳೆಯ ಬಟ್ಟೆ ತೊಡಿಸುವುದರಲ್ಲಿ ಓದಿದವರದು ಎತ್ತಿದ ಕೈ. ನಾನು ಸ್ವಂತ ಮಗಳಿಗೂ ರಿಯಾಯಿತಿ ತೋರಿಸುವವಳಲ್ಲ, ನಿಷ್ಪಕ್ಷಪಾತಿ, ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಇನ್ನೊಮ್ಮೆ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುತ್ತಲೇ ‘ಭಾನುವಾರ ಭಾರೀ ಮಳೆ, ಹೊರಾಂಗಣ ಕಾರ್ಯಕ್ರಮಗಳನ್ನು ಮುಂದೂಡುವುದು ಒಳಿತು’ ಎಂದು ಬರೆದು ಸಹಿ ಹಾಕಿದಳು.

ಸಂಜೆ ಮನೆಗೆ ಬಂದಾಗ ಟೀವಿಯ ಮೇಲಿನ ರಗ್ಗನ್ನು ಒಂದು ಪಕ್ಕಕ್ಕೆ ಸರಿಸಿ ಎಲ್ಲರೂ ಸುದ್ದಿ ನೋಡುತ್ತಿದ್ದರು. ಭಾನುವಾರಕ್ಕೆ ಭಾರೀ ಮಳೆ ಎಂದು ಪರದೆಯಲ್ಲಿ ಕೆಂಪಗೆ ಬಂತು. ಸ್ವಲ್ಪ ಹೊತ್ತಿಗೆ ಗಂಡನ ಫೋನಿಗೆ ಶಾಲೆಯ ಸಂದೇಶವೂ ಬಂತು. ಕ್ರೀಡಾಕೂಟ ರದ್ದು. ಮಗಳು ತಾಯಿಯ ಮುಖ ನೋಡಿದಳು. “ಸಂಜೆ ಹೊತ್ತಿಗೆ ಲೆಕ್ಕ ಬದಲಾಯ್ತು ಪುಟ್ಟಾ” ಎಂದಳು ಇವಳು. ಮಗಳು ಹೂಂ ಎಂದಳು. ಅಮ್ಮನ ಮಾತು ಅವಳು ನಂಬಿದ್ದಳು.

ಭಾನುವಾರ ಬೆಳಗ್ಗೆ ಒಂಚೂರು ತುಂತುರು ಬಿತ್ತು. ಆಮೇಲೆ ಎಂಥ ಬಿಸಿಲು ಬಂತೆಂದರೆ ಅತ್ತೆಯ ಮುಖ ನೋಡಬೇಕಿತ್ತು. ಮಹಡಿಯ ತುಂಬ ರಗ್ಗು ಹರಡಿ, “ನೋಡಮ್ಮ, ನೀನು ಮಳೆ ಅಂದಿದ್ದು ಒಳ್ಳೇದೇ ಆಯ್ತು. ಇನ್ಮೇಲೆ ಬಟ್ಟೆ ನೆನೆಸೋ ಮೊದಲು ನಿನ್ನ ಕೇಳಿ, ಉಲ್ಟಾ ಮಾಡ್ತೀನಿ” ಎಂದು ನಕ್ಕರು. ಗಂಡ ಶೀಟುಗಳಿಲ್ಲದ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸಿದ. ಮಧ್ಯಾಹ್ನ ಮುಖ್ಯಸ್ಥರ ಫೋನು ಬಂತು.

“ಮೇಡಂ, ಒಂದೇ ಒಂದು ದೂರಿಲ್ಲ! ಮಳೆ ಬರಲಿಲ್ಲ ಅಂತ ಜನ ಖುಷಿಯಾಗಿದಾರೆ. ನಿಮ್ಮ ವಿವೇಚನೆ ನನಗೆ ಹಿಡಿಸ್ತು. ಬಡ್ತಿ ವಿಷಯ ನಾನು ನೋಡ್ಕೋತೀನಿ.”

“ಥ್ಯಾಂಕ್ಸ್ ಸರ್” ಎಂದಳು. “ನಿನ್ನೆ ಚಿತ್ರದಲ್ಲೂ ಬಿಸಿಲೇ ಇತ್ತು, ಅಲ್ವಾ ಸರ್?”

“ಇತ್ತು, ಇತ್ತು. ನಾನೂ ನೋಡಿದ್ದೆ.”

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು. ಓಡುವ ಬೂಟು ಕಾಲಲ್ಲೇ ಇತ್ತು. ಬಿಸಿಲು ಅವಳ ಬೆನ್ನ ಮೇಲೆ ಬಿದ್ದಿತ್ತು.

“ನಿನ್ನೆ ಲೆಕ್ಕ ಬದಲಾಗಿರ್ಲಿಲ್ವಾ ಅಮ್ಮಾ?”

ಸುಳ್ಳು ಹೇಳಬಹುದಿತ್ತು. ವಾಯುಭಾರ, ಗಾಳಿಯ ದಿಕ್ಕು ಎಂದು ಏನಾದರೂ ಹೇಳಿದ್ದರೆ ಆ ಮಗು ಅದಕ್ಕೂ ಹೂಂ ಎನ್ನುತ್ತಿತ್ತು. ಅದಕ್ಕೇ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

“ಇಲ್ಲ ಪುಟ್ಟಾ. ಬಿಸಿಲು ಬರುತ್ತೆ ಅಂತ ಗೊತ್ತಿತ್ತು.”

“ಮತ್ತೆ ಯಾಕೆ ಮಳೆ ಅಂತ ಬರೆದೆ?”

“ಹೆದರಿಕೆ ಆಯ್ತು.”

ಮಗಳು ತನ್ನ ಬೂಟು ನೋಡಿಕೊಂಡಳು. ಅಳುತ್ತಾಳೆ, ಕಿರುಚುತ್ತಾಳೆ ಎಂದು ತಾಯಿ ಕಾದಳು. ಅದೇನೂ ಆಗಲಿಲ್ಲ.

“ನಂಗೂ ತುಂಬ ಹೆದರಿಕೆ ಆಗ್ತಿತ್ತು, ಎಲ್ರ ಮುಂದೆ ಜಿಗಿಯೋಕೆ” ಎಂದಳು ಮಗಳು. “ಆದ್ರೂ ಜಿಗೀತಿದ್ದೆ.”

ಅಲ್ಲೇ ನೆಲದ ಮೇಲೆ ಕೂತು ಅವಳು ಬೂಟಿನ ದಾರ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ಬಿಚ್ಚಿಕೊಡಲೆಂದು ತಾಯಿ ಬಗ್ಗಿದಾಗ, “ಬೇಡ, ನಾನೇ ಬಿಚ್ಕೋತೀನಿ” ಎಂದು ಕಾಲು ಎಳೆದುಕೊಂಡಳು.