ಕಾಲು ನೆಲ ಬಿಟ್ಟರೆ

ಬಲೂನಿನ ಯಜಮಾನ ದಿನ ಬೆಳಗಾದರೆ ಒಂದೇ ಪಾಠ ಒಪ್ಪಿಸುತ್ತಿದ್ದ. ಹಾರಲು ಬಂದ ಮಂದಿಯನ್ನು ಮೈದಾನದಲ್ಲಿ ನಿಲ್ಲಿಸಿ, ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ, ತಲೆಕೆಳಗು ಮಾಡಿ ರಟ್ಟಿನಿಂದ ಕೈ ತೆಗೆಯುತ್ತಿದ್ದ. ಒಂದು ಹನಿಯೂ ಬೀಳುತ್ತಿರಲಿಲ್ಲ.

"ಯಾರು ಹಿಡಿದಿರೋದು ಇದನ್ನ? ಗಾಳಿ! ಕಣ್ಣಿಗೆ ಕಾಣಲ್ಲ ಅಂತ ಅಸಡ್ಡೆ ಮಾಡಬೇಡಿ, ಎಲ್ಲಾ ಕಡೆಯಿಂದಲೂ ಒತ್ತುತ್ತಾನೇ ಇರುತ್ತೆ. ಬಿಸಿಗಾಳಿ ತಾನಾಗೇ ಮೇಲೆ ಹೋಗಲ್ಲ ಸ್ವಾಮಿ. ಕಾದ್ರೆ ಹಿಗ್ಗುತ್ತೆ, ಹಿಗ್ಗಿದ್ದರಲ್ಲಿ ಒಂದಿಷ್ಟು ಕೆಳಗಿನ ಬಾಯಿಂದ ಆಚೆ ಹೋಗುತ್ತೆ, ಒಳಗೆ ಉಳಿದಿದ್ದು ಹಗುರ. ಸುತ್ತಲಿನ ತಣ್ಣನೆ ಗಾಳಿ ಭಾರ. ಆ ಭಾರದ ಗಾಳಿ ಅಡಿಯಿಂದ ಒತ್ತಿ ಬಲೂನನ್ನ ಎತ್ತುತ್ತೆ!"

ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಅವರ ಬೆನ್ನ ಹಿಂದೆಯೇ ಬಲೂನಿನ ಬುಟ್ಟಿಯ ಅಂಚಿಗೆ ಜೋತುಬಿದ್ದು, ಅದನ್ನು ನೆಲಕ್ಕೆ ಅದುಮಿ ಹಿಡಿದಿದ್ದ ಆಳುಗಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರಲ್ಲಿ ಅಕ್ಕ-ತಮ್ಮ ಇಬ್ಬರು. ಬಲೂನು ಉಬ್ಬುವಾಗ ಅದು ಹೊರಳಾಡದಂತೆ ನೆತ್ತಿಯ ಹಗ್ಗ ಎಳೆದು ನಿಲ್ಲುವುದು ಅಕ್ಕನ ಪಾಲಿನ ಕೆಲಸ. ಹಾಗಾಗಿ ಅವಳು ಎಲ್ಲರಿಗೂ ಹಗ್ಗದಕ್ಕ. ಅಂಗೈ ನೋಡಿದರೆ ಸುಟ್ಟ ಹಂಚು.

"ಅಕ್ಕಾ, ನಾವೂ ಗಾಳಿನೇ ನೋಡು," ತಮ್ಮ ಪಿಸುಗುಟ್ಟುತ್ತಿದ್ದ. "ಕಣ್ಣಿಗೆ ಕಾಣಲ್ಲ, ಎತ್ತೋರು ಮಾತ್ರ ನಾವೇ."

"ಗಾಳಿಗೆ ಹೊಟ್ಟೆ ಇಲ್ಲ ಕಣೋ. ಸುಮ್ನೆ ಹಿಡ್ಕೊ."

ಆಳುಗಳಿಗೆ ಕಲಿಸಿದ್ದ ನಿಯಮ ಒಂದೇ: ಕಾಲು ನೆಲ ಬಿಟ್ಟರೆ ಆ ಕ್ಷಣವೇ ಕೈ ಬಿಡು. ಮೊಳದೆತ್ತರದಿಂದ ಬಿದ್ದರೆ ಮಂಡಿ ತರಚೀತು, ಮಾಳಿಗೆಯೆತ್ತರದಿಂದ ಬಿದ್ದರೆ ಮೂಳೆ ಉಳಿಯದು. ತಮ್ಮ ಒಮ್ಮೆ ಹಾಗೇ ಬಿಟ್ಟಿದ್ದ. ಇಳಿದ ಬುಟ್ಟಿ ಪುಟಿದೆದ್ದು, ಪಾದ ತೇಲಿತು, ಬಿಟ್ಟ. ಬಲೂನು ತೇಲಿಹೋಗಿ ಬೇಲಿಗೆ ಸಿಕ್ಕು ಬಟ್ಟೆ ಹರಿಯಿತು. ಯಜಮಾನ ಅವನನ್ನು ಎಲ್ಲರೆದುರು ನಿಲ್ಲಿಸಿಕೊಂಡ.

"ಬಲೂನು ನಿಮ್ಮಪ್ಪ ಹೊಲಿದುಕೊಟ್ಟಿದ್ದೇನೋ? ಇನ್ನೊಂದ್ಸಲ ಕೈ ಬಿಟ್ರೆ ಈ ಕಡೆ ತಲೆ ಹಾಕಬೇಡ. ಹೋಗ್ತಾ ನಿಮ್ಮಕ್ಕನ್ನೂ ಕರ್ಕೊಂಡು ಹೋಗು!"

ತಮ್ಮ ತಲೆ ತಗ್ಗಿಸಿದ. ಅಕ್ಕ ಹರಿದ ಬಟ್ಟೆಯನ್ನು ಮಡಿಸತೊಡಗಿದಳು.

ಆಮೇಲೆ ಬಹಳ ದಿನವಾಗಿರಲಿಲ್ಲ, ಅನಾಹುತ ನಡೆದೇಹೋಯಿತು. ಬಲೂನು ಇಳಿದಿತ್ತು, ಹಿಂದೆಯೇ ವ್ಯಾನಿನಲ್ಲಿ ಬಂದ ಆಳುಗಳು ಬುಟ್ಟಿ ಹಿಡಿದಿದ್ದರು. ಒಳಗಿನ ಗಾಳಿ ಇನ್ನೂ ಕಾದೇ ಇತ್ತು. ಹೇಳುವ ತನಕ ಯಾರೂ ಇಳಿಯಬಾರದು, ಭಾರ ಕಳೆದರೆ ಬಲೂನು ಮತ್ತೆ ಏಳುತ್ತದೆ. ಇದು ಯಜಮಾನನಿಗೆ ಗೊತ್ತಿಲ್ಲದ್ದೇ? ಆದರೆ ಫೋಟೊ ತೆಗೆಯಲೆಂದು ಧುಮುಕಿದ ಇಬ್ಬರು ಅವನ ನೆಂಟರು, ಉಂಡುಟ್ಟು ಬೆಳೆದ ಮೈಯವರು. ಅವರನ್ನು ಗದರುವವರಾರು? ಬುಟ್ಟಿ ಚಂಗನೆ ನೆಗೆಯಿತು.

"ಬಿಡಬೇಡ್ರೋ! ಹಿಡ್ಕೊಳ್ರೋ!" ಒಳಗಿನಿಂದ ಯಜಮಾನ ಅರಚಿದ.

ಅಕ್ಕ ಬಿಟ್ಟಳು. ಉಳಿದವರೂ ಬಿಟ್ಟರು. ತಮ್ಮ ಬಿಡಲಿಲ್ಲ. ಮೊದಲು ಅವನ ಒಂದು ಚಪ್ಪಲಿ ಬಿತ್ತು. ಆಮೇಲೆ ಅವನು.

ತನಿಖೆಗೆ ಬಂದ ಅಧಿಕಾರಿಗೂ ಯಜಮಾನ ತನ್ನ ಕಚೇರಿಯಲ್ಲಿ ಲೋಟ ತಲೆಕೆಳಗು ಮಾಡಿ ತೋರಿಸಿದ. ಅಧಿಕಾರಿ ಮಗುವಿನಂತೆ ನಕ್ಕ.

"ನಿಯಮ ಗೋಡೆ ಮೇಲೇ ಬರೆಸಿದ್ದೀನಿ ಸಾರ್," ಎಂದ ಯಜಮಾನ. "ಪಾಪ, ಗಾಬರಿ ಬಿದ್ದ."

"ಬಿಡಬೇಡ ಅಂತ ಕೂಗಿದ್ದು ಇವರೇ," ಬಾಗಿಲಲ್ಲಿ ನಿಂತಿದ್ದ ಅಕ್ಕ ಅಂದಳು.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದ. "ನಿನ್ನ ತಮ್ಮ ಹಾಗನ್ನಲಿಲ್ವಲ್ಲಮ್ಮಾ. ಆಸ್ಪತ್ರೇಲಿ ಕೇಳ್ಕೊಂಡೇ ಬಂದೆ. ತಪ್ಪು ನಂದೇ ಅಂದ."

ಅಕ್ಕ ಆಸ್ಪತ್ರೆಗೆ ಓಡಿದಳು. ಸೊಂಟದಿಂದ ಕೆಳಕ್ಕೆ ಪಟ್ಟಿ ಬಿಗಿಸಿಕೊಂಡು ತಮ್ಮ ಸೂರು ನೋಡುತ್ತಿದ್ದ.

"ಹಾಗ್ಯಾಕಂದೆಯೋ?"

"ಗೇಟಿನ ಹತ್ರ ಕುರ್ಚಿ ಹಾಕ್ಕೊಡ್ತಾರಂತೆ ಅಕ್ಕಾ, ಕಾವಲಿಗೆ. ನಿನ್ನ ಕೆಲಸಾನೂ ಉಳಿಯುತ್ತಂತೆ."

"ಮತ್ತೆ ನಿಜ?"

"ನಿಜ ಹಿಡ್ಕೊಂಡು ಏನ್ಮಾಡ್ಲಿ? ಹಿಡ್ಕೊಂಡಿದ್ದಕ್ಕೇ ತಾನೆ ಹೀಗೆ ಬಿದ್ದಿರೋದು?" ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. "ಬಾಯಿಗೆ ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗು."

ಹೋದಳು. ಮರುದಿನ ತಮ್ಮನ ಜಾಗದಲ್ಲಿ ಗಾರೆ ಕೆಲಸ ಬಿಟ್ಟು ಬಂದಿದ್ದ ನರೆಗೂದಲಿನ ಹೊಸಬನೊಬ್ಬ ಬುಟ್ಟಿಗೆ ಜೋತುಬಿದ್ದಿದ್ದ. ಬುಟ್ಟಿ ಅಲುಗಾಡಿದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಇದು ಎದ್ದೇಬಿಟ್ರೆ ಏನ್ಮಾಡೋದು?"

ಲೋಟ ಎತ್ತಿಕೊಂಡಿದ್ದ ಯಜಮಾನ ಅಲ್ಲಿಂದಲೇ ಕೂಗಿದ: "ಹಿಡ್ಕೋಬೇಕು, ಇನ್ನೇನು!"

ಸುಮ್ಮನಿದ್ದರೆ ಗೇಟಿನ ಕುರ್ಚಿ ಉಳಿಯುತ್ತಿತ್ತು. ಅಕ್ಕನ ಕಣ್ಣು ಹೊಸಬನ ಚಪ್ಪಲಿಯ ಮೇಲೆ ಬಿತ್ತು.

"ಕಾಲು ನೆಲ ಬಿಟ್ರೆ ಕೈ ಬಿಡಿ ಅಣ್ಣಾ," ಮೈದಾನಕ್ಕೆಲ್ಲ ಕೇಳುವಂತೆ ಅಂದಳು. "ಯಾರು ಎಷ್ಟೇ ಅರಚಲಿ, ಬಿಡಿ. ನನ್ನ ತಮ್ಮ ಈ ಯಜಮಾನರ ಮಾತು ಕೇಳಿ ಹಿಡ್ಕೊಂಡ, ಸೊಂಟ ಮುರ್ಕೊಂಡ."

ಮಂದಿ ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬಳು ಕೇಳಿದಳು: "ಹಾರೋದು ತಡ ಆಗುತ್ತಾ?"

"ಇಲ್ಲ ಮೇಡಂ, ಈಗಲೇ," ಎಂದು ನಕ್ಕ ಯಜಮಾನ, ಅಕ್ಕನ ಬಳಿ ಬಂದು ದನಿ ತಗ್ಗಿಸಿದ. "ನಡಿ ಮನೆಗೆ. ಕುರ್ಚಿ ಇಲ್ಲ ಅಂತ ನಿನ್ನ ತಮ್ಮನಿಗೂ ಹೇಳು."

ಗೇಟು ದಾಟುವಾಗ ಬೆಂಕಿ ಭುಸುಗುಟ್ಟಿದ ಸದ್ದಾಯಿತು. ಬಲೂನು ಎದ್ದಿತು. ಅಕ್ಕ ಮೇಲೆ ನೋಡಲಿಲ್ಲ, ಕಾಲುಗಳನ್ನು ನೋಡಿದಳು. ಹೊಸಬನವೂ ಸೇರಿ ಎಲ್ಲ ನೆಲದ ಮೇಲಿದ್ದವು.

ಆಮೇಲೆ ಆಸ್ಪತ್ರೆಯ ದಾರಿ ಹಿಡಿದಳು. ಕುರ್ಚಿಯ ಕನಸು ಕಾಣುತ್ತ ಮಲಗಿದವನಿಗೆ ಹೇಳುವ ಮೊದಲ ಮಾತು ಇನ್ನೂ ಬಾಯಿಗೆ ಬಂದಿರಲಿಲ್ಲ.