ಒಣಗದ ಗೋಡೆ

"ಲೇ ಬೇವರ್ಸಿ, ಇದು ಗೋಡೆನಾ, ಒದ್ದೆ ಗೋಣಿಚೀಲಾನಾ?"

ಗೋಡೆಗೆ ಒತ್ತಿದ ಹೆಬ್ಬೆರಳನ್ನು ಸಾಹುಕಾರ ಮೇಸ್ತ್ರಿಯ ಅಂಗಿಗೇ ಒರೆಸಿದ. ಗಾರೆ ಹೊರುವವಳು ತಲೆಯ ಮೇಲಿನ ಬಾಂಡ್ಲಿ ಇಳಿಸದೆ ಹಾಗೇ ನಿಂತಳು.

"ಚಳಿ ಸಾಹುಕಾರ್ರೆ. ಈ ಚಳೀಲಿ ಗಾರೆ ಬೇಗ ಆರಲ್ಲ. ಬಿಸಿಲು ಬಲೀಲಿ, ಬಣ್ಣ ಆಮೇಲೆ..."

"ಮುಚ್ಚೋ ಬಾಯಿ! ಬೀಗರು ಬರೋ ಹೊತ್ತಿಗೆ ಮನೆ ರೆಡಿ ಅಂತ ಬೊಗಳಿದ್ದು ಯಾರು? ನಿಮ್ಮಪ್ಪನಾ?"

ಬೊಗಳಿದ್ದು ಮೇಸ್ತ್ರಿಯೇ. ಚಳಿಗಾಲದಲ್ಲಿ ಮುಗಿಯುವ ಮನೆ ಇದಲ್ಲ ಎಂದು ಪಾಯ ತೋಡುವಾಗಲೇ ಅವನಿಗೆ ಗೊತ್ತಿತ್ತು. ನಿಜ ಹೇಳಿದ್ದರೆ ಕೆಲಸ ಬೇರೆಯವನ ಪಾಲಾಗುತ್ತಿತ್ತು. ಅವನು ಸುಳ್ಳು ಹೇಳಿದ, ಸಾಹುಕಾರ ಖುಷಿಯಾಗಿ ನಂಬಿದ. ಆ ಸುಳ್ಳನ್ನು ನಿಜ ಮಾಡುವ ಕರ್ಮ ಮಾತ್ರ ಗಾರೆ ಹೊರುವ ಇವಳ ಮತ್ತು ಇವಳ ಗಂಡನ ತಲೆಗೆ ಬಂತು.

ಉಪಾಯ ಸಾಹುಕಾರನದು. ಕಿಟಕಿಗಳಿಗೆ ಮೊಳೆ ಹೊಡೆದು, ಬಾಗಿಲು ಬಿಗಿಯಾಗಿ ಮುಚ್ಚಿ ಕೋಣೆಕೋಣೆಯಲ್ಲೂ ಇದ್ದಿಲ ಒಲೆ ಉರಿಸಬೇಕು. ಕೆಂಡ ಆರದಂತೆ ನೋಡಿಕೊಳ್ಳಲು ಗಂಡ ಹೆಂಡತಿ ಒಳಗೇ ಮಲಗಬೇಕು. ಹೊಸ ನಲ್ಲಿ, ತಂತಿ ಎಲ್ಲ ಕೂರಿಸಿಯಾಗಿದೆ, ಕದ್ದುಗಿದ್ದಾರು, ಅದಕ್ಕೇ ಹೊರಗಿನಿಂದ ಬೀಗ.

"ತಗಡಿನ ಶೆಡ್‌ನಲ್ಲಿ ಗಡಗಡ ನಡುಗೋದು ತಪ್ತಲ್ಲೇ!" ಎಂದು ಗಂಡ ಕುಣಿದಾಡಿದ. ಅವನನ್ನು ಎಲ್ಲರೂ ಕುಳ್ಳ ಎನ್ನುತ್ತಿದ್ದರು. "ಸಾಹುಕಾರ್ರ ಹೆಂಡ್ತಿಗಿಂತ ಮುಂಚೆ ನೀನೇ ಈ ಮನೆ ಯಜಮಾನಿ, ನೋಡು."

ಅವಳಿಗೂ ನಗು ಬಂತು. ಬೆಚ್ಚಗೆ ಮಲಗಿ ಅದೆಷ್ಟು ಕಾಲವಾಗಿತ್ತೋ!

ಬೆಳಿಗ್ಗೆ ಬೀಗ ತೆಗೆದಾಗ ಕುಳ್ಳ ತಲೆ ಹಿಡಿದುಕೊಂಡು ಹೊಸ ನೆಲದ ಮೇಲೆ ಕಾರಿಕೊಳ್ಳುತ್ತಿದ್ದ.

"ಕುಡಿದು ನನ್ನ ನೆಲ ಹೊಲಸು ಮಾಡ್ತೀಯಾ, ಸೂಳೆಮಗನೆ?"

"ಬೀಗ ಹಾಕಿದ್ದು ನೀವೇ ಅಲ್ವಾ ಸಾಹುಕಾರ್ರೆ? ಒಳಗೆ ಹೆಂಡ ಎಲ್ಲಿಂದ ಬರುತ್ತೆ?" ಎಂದಳು ಅವಳು.

"ಎದುರು ಮಾತಾಡ್ತೀಯೇನೇ ಲೌಡಿ? ತೊಳಿ!"

ಮೇಸ್ತ್ರಿ ನಡುವೆ ಬಂದು ಅವಳ ಕೈಗೆ ಬಕೆಟ್ ಕೊಟ್ಟ. ಅವಳು ತೊಳೆದಳು. ಕುಳ್ಳ ಹೊರಗೆ ಮರಳಿನ ಗುಡ್ಡೆಗೆ ಒರಗಿ ಕೂತು, ಮಧ್ಯಾಹ್ನಕ್ಕೆ ಚೇತರಿಸಿಕೊಂಡು ಗಾರೆ ಕಲಸಿದ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಗತಿ. ಈ ಸಲ ಅವನ ಕಾಲೇ ನಿಲ್ಲಲಿಲ್ಲ, ಮಾತು ತೊದಲುತ್ತಿತ್ತು. ಅವಳಿಗೆ ಬರೀ ತಲೆಭಾರ. ಕುಳ್ಳ ಒಳಕೋಣೆಯ ಒಲೆ ಕಾಯುತ್ತಿದ್ದರೆ ಅವಳು ಮಲಗಿದ್ದು ಅಡಿಗೆಮನೆಯಲ್ಲಿ, ಪೈಪಿಗೆಂದು ಗೋಡೆಯಲ್ಲಿ ಬಿಟ್ಟ ತೂತಿನ ಪಕ್ಕ. ಥಂಡಿ ಗಾಳಿ ಮುಖಕ್ಕೆ ಬಡಿಯುತ್ತದೆ ಎಂದು ಆ ತೂತಿಗೆ ಶಾಪ ಹಾಕುತ್ತಲೇ ಮಲಗಿದ್ದಳು.

"ಅಣ್ಣಾ, ಇದು ಕೆಂಡದ ವಿಷಗಾಳಿ ಕೆಲಸ ಅಲ್ವಾ?" ಎಂದು ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಹಿಂದೆ ಮುಂದೆ ನೋಡಿದ. "ಗೊತ್ತು ಕಣವ್ವಾ. ಬಾಯಿ ಬಿಟ್ರೆ ನಾಳೆ ಬೇರೆ ಮೇಸ್ತ್ರಿ ಬರ್ತಾನೆ, ನಿಮ್ಮ ಶೆಡ್ಡೂ ಕಿತ್ತಾಕ್ತಾನೆ. ಈ ಚಳೀಲಿ ಎಲ್ಲಿಗೆ ಹೋಗ್ತೀರಿ? ಹೆಂಗೋ ತಡ್ಕೊಳ್ಳಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಂತೆ, ಗೊತ್ತು!

ಸಂಜೆ ಸಾಹುಕಾರ ಬೀಗ ಹಿಡಿದು ಬಂದ. ಹೊರಗೆ ಬಿದ್ದಿದ್ದ ಕುಳ್ಳನನ್ನು ಅಷ್ಟರಲ್ಲೇ ಮೇಸ್ತ್ರಿ ಹೊತ್ತು ತಂದು ಒಳಕೋಣೆಯಲ್ಲಿ ಮಲಗಿಸಿದ್ದ. ಒಲೆಗಳು ನಿಗಿನಿಗಿ ಎನ್ನುತ್ತಿದ್ದವು. ಸಾಹುಕಾರ ಗೋಡೆ ಮುಟ್ಟಿಕೊಂಡೇ ಅಡಿಗೆಮನೆಗೆ ಬಂದ, ತೂತು ಕಂಡಿತು.

"ಕಾವೆಲ್ಲ ಇಲ್ಲೇ ಸೋರಿಹೋಗ್ತಿದೆ! ಗಾರೆ ತಂದು ಮುಚ್ಚೇ."

"ನಿಮ್ಮ ದಮ್ಮಯ್ಯ ಸಾಹುಕಾರ್ರೆ, ಅದೊಂದು ಇರಲಿ. ನನ್ನ ಗಂಡ ಸತ್ತೇ ಹೋಗ್ತಾನೆ."

"ಸತ್ರೆ ಸಾಯ್ಲಿ, ಮೊದ್ಲು ಗೋಡೆ ಆರಲಿ. ಮುಚ್ಚು!"

ಅವಳು ಬಾಂಡ್ಲಿ ತಂದಳು. ಒಂದು ಹಿಡಿ ಗಾರೆ ತೆಗೆದು ತೂತಿನವರೆಗೆ ಒಯ್ದಳು. ತಣ್ಣನೆಯ ಗಾಳಿ ಬೆರಳಿಗೆ ತಗುಲಿತು. ಗಂಡನ ಮೂಗನ್ನು ಅವಳ ಕೈಯಲ್ಲೇ ಮುಚ್ಚಿಸುತ್ತಿದ್ದಾನೆ ಈ ಪಾಪಿ! ಅಷ್ಟರಲ್ಲಿ ಒಳಕೋಣೆಯಿಂದ ಕುಳ್ಳ ಕರೆದ. ಆ ದನಿ ಅವನದೆಂದು ಅವಳಿಗೆ ಗುರುತೇ ಸಿಗಲಿಲ್ಲ.

ಗಾರೆಯನ್ನು ಬಾಂಡ್ಲಿಗೇ ಎಸೆದಳು. ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿಕೊಂಡು ಒಳಕೋಣೆಗೆ ನುಗ್ಗಿ, ಗಂಡನ ಮುಖದ ಮೇಲೆ ಕಂಬಳಿ ಎಳೆದು, ಸರಳುಗಳ ಸಂದಿಯಿಂದ ಕಿಟಕಿಯ ಗಾಜಿಗೆ ಬೀಸಿದಳು.

"ಅಯ್ಯೋ ನನ್ನ ಗಾಜು! ಹಿಡಿಯೋ ಅವಳನ್ನ!"

ಮೇಸ್ತ್ರಿ ಕೋಣೆಯ ಬಾಗಿಲವರೆಗೆ ಓಡಿಬಂದು, ಸುತ್ತಿಗೆ ನೋಡಿ ಅಲ್ಲೇ ನಿಂತ.

"ಇವತ್ತೇ ಶೆಡ್ ಕೀಳಿಸ್ತೀನಿ! ಬೀದೀಲಿ ಸೆಟೆದು ಸಾಯ್ತೀರ, ಮುಂಡೇವಾ!"

"ಕೀಳಿಸೋ ಹೋಗೋ!"

ಸಾಹುಕಾರನನ್ನು ಏಕವಚನದಲ್ಲಿ ಅದುವರೆಗೆ ಯಾರೂ ಮಾತಾಡಿಸಿರಲಿಲ್ಲ. ಅವನು ಮೇಸ್ತ್ರಿಯ ರಟ್ಟೆ ಹಿಡಿದು ಹೊರಗೆಳೆದ. ಮುಂಬಾಗಿಲು ಧಡ್ ಎಂದಿತು, ಬೀಗ ಬಿದ್ದ ಸದ್ದು ಒಳಗೆ ಕೇಳಿಸಿತು.

ಅವಳು ಕಂಬಳಿ ಸರಿಸಿದಳು. ಕುಳ್ಳ ಕೆಮ್ಮಿದ.

ಅವಳು ಸುತ್ತಿಗೆ ಹಿಡಿದು ಪಕ್ಕದ ಕೋಣೆಯ ಕಿಟಕಿಗೆ ನಡೆದಳು.