ಆಟದ ಸಾಮಾನಿನ ಕೋಣೆ

ಡ್ರಿಲ್ ಮೇಷ್ಟ್ರಿಗೆ ಬಾಯಿಗಿಂತ ಕೈ ಮುಂದು. ಇಪ್ಪತ್ತೆರಡು ವರ್ಷದಲ್ಲಿ ಮುರಿದ ಬೆತ್ತಗಳನ್ನೆಲ್ಲ ಕಟ್ಟಿಟ್ಟಿದ್ದರೆ ಒಂದು ಹೊರೆಯಾಗುತ್ತಿತ್ತು. ಮಕ್ಕಳೂ ಅದನ್ನೇ ಕಲಿತಿದ್ದರು. ಪೆನ್ಸಿಲ್ ಬೇಕೆಂದರೂ ಮೊದಲು ಗುದ್ದು, ಆಮೇಲೆ ಮಾತು. ಮೇಷ್ಟ್ರ ಮೇಲೆ ಎರಡು ದೂರು ಆಗಲೇ ಮೇಲಿನ ಕಚೇರಿ ತಲುಪಿದ್ದವು. ಮೂರನೆಯದು ಹೋದರೆ ಕೆಲಸಕ್ಕೆ ಸಂಚಕಾರ. ಹೆಡ್ಮಾಸ್ತರು ಹೆಂಡತಿಯ ಅಣ್ಣನಾದ್ದರಿಂದ ಇಲ್ಲಿಯವರೆಗೆ ತಲೆ ಉಳಿದಿತ್ತು.

ಆ ವರ್ಷ ಶಿಕ್ಷಕರಿಗೆಲ್ಲ ಹನ್ನೆರಡು ಶನಿವಾರ, ಹೊಡೆಯದೆ ಮಕ್ಕಳನ್ನು ಸಂಭಾಳಿಸುವ ತರಬೇತಿ ನಡೆಯಿತು. ಅದರಿಂದ ಶಾಲೆ ಏನಾದರೂ ಬದಲಾಗುತ್ತದೆಯೇ ಎಂದು ನೋಡಲು ಸಂಶೋಧನೆ ಮಾಡುವ ಹೆಂಗಸೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಕೈಯಲ್ಲೊಂದು ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ. ಮಗು ಮಗುವಿಗೆ ಹೊಡೆದರೆ ಒಂದು ಕಾಲಮ್ಮಿನಲ್ಲಿ ಗೀಟು, ಮೇಷ್ಟ್ರು ಹೊಡೆದರೆ ಪಕ್ಕದ ಕಾಲಮ್ಮಿನಲ್ಲಿ. ಮಕ್ಕಳು ಅವರಿಗೆ ಗೀಟು ಮೇಡಂ ಎಂದು ಹೆಸರಿಟ್ಟರು.

ತರಬೇತಿಯಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು: ಹೊಡೆದಾಟ ಕಂಡರೆ ಕೈ ಎತ್ತಬೇಡಿ, ಹತ್ತಿರ ಹೋಗಿ ನೆಲದ ಮೇಲೆ ಕೂತುಬಿಡಿ.

"ಕೂತ್ಕೊಂಡ್ರೆ ನನ್ಮಕ್ಳು ಬೆನ್ನು ಹತ್ತಿ ಕುದುರೆ ಸವಾರಿ ಮಾಡ್ತಾರೆ," ಎಂದಿದ್ದರು ಡ್ರಿಲ್ ಮೇಷ್ಟ್ರು. ಹಾಲ್ ತುಂಬ ನಗು.

ಮೊದಲ ದಿನ ಅರವತ್ತೊಂದು ಗೀಟು ಬಿದ್ದಿದ್ದವು. ಹೆಡ್ಮಾಸ್ತರಿಗೆ ಗೇಟಿನ ಮೇಲೆ 'ಮಾದರಿ ಶಾಲೆ' ಬೋರ್ಡು ನೋಡುವ ಹುಚ್ಚು. ಅದಕ್ಕೇ ಗೀಟು ಮೇಡಂ ಬರುವ ದಿನ ಏಳು ಜನ ಪುಂಡರಿಗೆ ರಜೆ ಕೊಟ್ಟು ಕಳಿಸುತ್ತಿದ್ದರು. ಗೀಟು ಇಳಿಯುತ್ತ ಬಂದವು. ಆದರೆ ಕೊನೆಯ ದಿನಕ್ಕೆ ಯಾರೂ ಗೈರುಹಾಜರಾಗಬಾರದೆಂದು ಮೇಲಿನಿಂದ ಆಜ್ಞೆ ಬಂತು.

"ಹಾಜರಿ ಹಾಕಿ, ಆ ಏಳು ಜನಾನ ಆಟದ ಸಾಮಾನಿನ ಕೋಣೇಲಿ ಕೂಡಿಹಾಕು," ಎಂದರು ಹೆಡ್ಮಾಸ್ತರು. "ಇವತ್ತೊಂದಿನ ನಿನ್ನ ಬೆತ್ತ ಕಾಣಿಸ್ತೋ, ನೀನು ನನ್ನ ತಂಗಿ ಗಂಡ ಅನ್ನೋದನ್ನೇ ಮರೀತೀನಿ."

"ಆಯ್ತು ಭಾವ."

ಒಬ್ಬರ ಮುಖ ಕಂಡರೆ ಒಬ್ಬರಿಗಾಗದ ಏಳು ಹುಡುಗರನ್ನು, ಬ್ಯಾಟು, ಸ್ಟಂಪು, ಕಬ್ಬಿಣದ ಗುಂಡು ತುಂಬಿದ ಕೋಣೆಗೆ ನೂಕಿ ಮೇಷ್ಟ್ರು ಬೀಗ ಹಾಕಿದರು. ಅಲ್ಲಿದ್ದದ್ದು ಅಂಗೈಯಗಲದ ಒಂದೇ ಗಾಳಿಕಿಂಡಿ.

ಮೂರನೇ ಪೀರಿಯಡ್ಡಿನಲ್ಲಿ ಕೂಗು ಕೇಳಿತು. ಮೇಷ್ಟ್ರು ಬೆತ್ತ ಎತ್ತಿಕೊಂಡು ಓಡಿ ಬೀಗ ತೆಗೆದರು. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ಹೊಗೆಯಂತೆ ಕವಿದಿತ್ತು. ಒಬ್ಬ ಮೂಲೆಯಲ್ಲಿ ಹಲ್ಲು ಉಗುಳುತ್ತಿದ್ದ. ಇನ್ನೊಬ್ಬನ ಹಣೆ ಸೀಳಿತ್ತು. ನಡುವೆ ಗೂಳಿ ಎನ್ನುವ ದಡೂತಿ ಹುಡುಗ ಕಡ್ಡಿ ಎನ್ನುವ ಪೀಚಲನ ಎದೆಯ ಮೇಲೆ ಕೂತು ಸ್ಟಂಪಿನಿಂದ ಬಾರಿಸುತ್ತಿದ್ದ. ಕಡ್ಡಿಯ ಕಿವಿ ಹರಿದು ರಕ್ತ ಸುಣ್ಣದಲ್ಲಿ ಮುದ್ದೆಯಾಗಿತ್ತು.

"ಬಿಡೋ ರಾಕ್ಷಸ!" ಮೇಷ್ಟ್ರು ಗೂಳಿಯ ಬೆನ್ನಿಗೆ ಬೀಸಿದರು. ಏಟು ಬಿದ್ದ ಕ್ಷಣವೇ ಗೂಳಿ ಕಡ್ಡಿಗೆ ಒಂದು ಕೊಟ್ಟ. ಇನ್ನೊಂದು ಬೀಸಿದರು, ಕೆಳಗೆ ಇನ್ನೊಂದು ಬಿತ್ತು. ಮೂರು. ನಾಲ್ಕು. ಮೇಲಿನ ಏಟೆಲ್ಲ ಗೂಳಿಯ ಮೈ ಹಾದು ಕಡ್ಡಿಯ ಮುಖಕ್ಕೇ ಇಳಿಯುತ್ತಿತ್ತು. ಬೆತ್ತ ಮುರಿಯಿತು.

ಗೂಳಿ ತಿರುಗಿ ಎದ್ದು ಸ್ಟಂಪು ಬೀಸಿದ. ಮೇಷ್ಟ್ರ ಭುಜದ ಮೂಳೆ ಲಟಕ್ಕೆಂದಿತು. ಬಲಗೈ ಸತ್ತಂತೆ ಜೋತುಬಿತ್ತು. ಅವರು ಕುಸಿದು ಕೂತರು. ಎಡಗೈಗೆ ತಣ್ಣಗೆ ತಗುಲಿದ್ದು ಕಬ್ಬಿಣದ ಗುಂಡು. ಎತ್ತಿ ಎಸೆದರೆ ಈ ದೂರದಲ್ಲಿ ಗುರಿ ತಪ್ಪುವ ಮಾತೇ ಇಲ್ಲ. ಗೂಳಿಯ ಮುಖ ಪುಡಿ. ಬೆರಳುಗಳು ಗುಂಡನ್ನು ಬಿಗಿಹಿಡಿದವು. ಗೂಳಿಯ ಕಾಲ ಬುಡದಲ್ಲಿ ಕಡ್ಡಿ ರಕ್ತ ಕೆಮ್ಮಿದ.

ಮೇಷ್ಟ್ರು ಗುಂಡನ್ನು ಬಿಟ್ಟರು. ಅದು ಉರುಳಿ ಗೋಡೆಗೆ ಬಡಿಯಿತು.

"ಹೊಡಿಯೋದಾದ್ರೆ ನನಗೆ ಹೊಡಿ," ಎಂದರು. "ನಾನು ಏಳಲ್ಲ. ಬೀಗ ಹಾಕಿದ್ದು ನಾನು ಕಣೋ, ಅವನಲ್ಲ."

ಎತ್ತಿದ ಸ್ಟಂಪು ಮೇಷ್ಟ್ರ ಮೇಲೆ ಬೀಳಲಿಲ್ಲ. ಗೂಳಿ ಅದನ್ನು ಗೋಡೆಗೆ ಬಡಿದ, ಚೂರಾಗುವವರೆಗೂ ಬಡಿದ. ಆಮೇಲೆ ಮೂಗು ಒರೆಸಿಕೊಂಡು, "ಕಿಂಡಿ ಬಿಡ್ಲಿಲ್ಲ ಸಾರ್ ಅವ್ನು. ಉಸಿರೇ ಆಡ್ತಿರ್ಲಿಲ್ಲ ನಂಗೆ," ಎಂದ.

ಬಾಗಿಲಲ್ಲಿ ಗೀಟು ಮೇಡಂ ನಿಂತಿದ್ದರು, ಹಿಂದೆ ಏದುಸಿರು ಬಿಡುತ್ತ ಹೆಡ್ಮಾಸ್ತರು.

"ಬೀರು ಬಿತ್ತು ಮೇಡಂ, ಹುಡುಗ್ರ ಮೇಲೆ. ಅಲ್ವೇನಯ್ಯ?"

"ಯಾವ ಬೀರು ಭಾವ? ಈ ಕೋಣೇಲಿ ಬೀರು ಎಲ್ಲಿದೆ?" ಮೇಷ್ಟ್ರು ಹಲ್ಲು ಕಚ್ಚಿ ಹೇಳಿದರು. "ಗೂಳಿ, ಕಡ್ಡೀನ ಎತ್ಕೊಂಡು ಆಸ್ಪತ್ರೆಗೆ ಓಡೋ. ಮೇಡಂ, ಮೇಷ್ಟ್ರ ಕಾಲಮ್ಮಿಗೆ ನಾಲ್ಕು ಹಾಕ್ಕೊಳ್ಳಿ. ತಿಂಗಳು ತಿಂಗಳೂ ಇವರನ್ನ ಮನೇಗೆ ಓಡಿಸಿದ್ದೂ ಬರ್ಕೊಳ್ಳಿ. ಹಳೇ ಹಾಳೆಗಳೆಲ್ಲ ಸುಳ್ಳು."

"ಬಾಯ್ಮುಚ್ಚೋ! ಕೆಲ್ಸ ಹೋಗುತ್ತೆ. ನನ್ನ ತಂಗಿಗೆ ಏನ್ ಹೇಳ್ಲಿ ನಾನು?"

"ನೀವೇನೂ ಹೇಳ್ಬೇಡಿ. ಬಾಯಿ ನಂಗೂ ಇದೆ."

ಗೂಳಿ ಕಡ್ಡಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಮೇಡಂ ನಾಲ್ಕು ಗೀಟು ಎಳೆದರು. ಮೇಷ್ಟ್ರು ಎಡಗೈಯಿಂದ ಜೇಬು ತಡಕಿ, ಬೀಗದ ಕೈ ತೆಗೆದು ಆ ರಟ್ಟಿನ ಮೇಲಿಟ್ಟರು.

"ಇದಕ್ಕೆ ಯಾವ ಕಾಲಂ?"

"ಇದಕ್ಕೆ ಕಾಲಂ ಇಲ್ಲ ಸಾರ್."

"ಹೊಸದೊಂದು ಎಳೀರಿ ಮತ್ತೆ," ಎಂದರು ಮೇಷ್ಟ್ರು, ಕೂತಲ್ಲಿಂದ ಏಳದೆ.